ಓದಿ ಹೇಳಲಾಗಿದೆ

ಮೊಟ್ಟೆ ಸ್ಯಾಂಡ್‌ವಿಚ್ಚಿನ ತಟ್ಟೆಗೆ ಬಿಗಿದಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತ ಕೂಡಲೇ ಎದ್ದ ವಾಸನೆ ಕರ್ಟಿಸ್‌ನ ಗಂಟಲಿಗೆ ಇಳಿದು ಅಲ್ಲೇ ಕೂತುಬಿಟ್ಟಿತು. ವೇಲನ್ ಬಡಾವಣೆಯ ಸಮುದಾಯ ಭವನದ ಈ ಅಡುಗೆಕೋಣೆಯಲ್ಲಿ ಇವತ್ತು ಏನು ಮುಟ್ಟಿದರೂ ಕೈಗೆ ಅಂಟುತ್ತಿತ್ತು. ನಲ್ಲಿಯ ಹಿಡಿ, ಫ್ರಿಜ್ಜಿನ ಬಾಗಿಲು, ತನ್ನದೇ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ವಿಶ್ವವಿದ್ಯಾನಿಲಯದ ಗುರುತಿನ ಚೀಟಿ. ಚೀಟಿಯ ಫೋಟೋದಲ್ಲಿ ಅವನು ಹಲ್ಲು ಕಿರಿದಿದ್ದ. ಕೆಳಗೆ 'ಸಮುದಾಯ ಸಂಶೋಧಕ' ಎಂದಿತ್ತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನಿಗೆ ಸಂಶೋಧಕನ ಪಟ್ಟ ಸಿಕ್ಕಿದಾಗ ಇಡೀ ಮೌಂಟ್ ಡ್ರೂಯಿಟ್‌ನಲ್ಲಿ ಅವನನ್ನು ಕಿಚಾಯಿಸದ ಬಾಯಿಯೇ ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಒಂದು ಪಾದ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದ ಕ್ಲ್ಯಾರಿ ಮಾಮನಂತೂ ಎರಡು ವರ್ಷದಿಂದ ಅವನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದ. ಮೊದಮೊದಲು ಆ ಹೆಸರು ತನಗೆ ಒಳಗೊಳಗೇ ಇಷ್ಟವಾಗಿತ್ತೆಂಬುದನ್ನು ಈಗ ನೆನೆದರೆ ಕರ್ಟಿಸ್‌ಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು.

ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆ, ಅದರ ತುಂಬ ಹೊಸ ಪುಸ್ತಿಕೆಗಳು. ಮುಖಪುಟದ ಮೇಲೆ ಚುಕ್ಕಿ ಚುಕ್ಕಿಯ ಚಿತ್ರ. ಮರುಭೂಮಿ ಕಡೆಯವರ ಚುಕ್ಕಿ, ಇಲ್ಲಿಯ ಯಾರ ಅಜ್ಜಿಯೂ ಜನ್ಮದಲ್ಲಿ ಇಟ್ಟದ್ದಲ್ಲ. 'ನಮ್ಮ ಮಾತು, ನಮ್ಮ ಆರೋಗ್ಯ' ಎಂದು ಹೆಸರು. ಊರು ಬಿಟ್ಟು ನಗರಕ್ಕೆ ಬಂದು ಸೇರಿದ ಮೂಲನಿವಾಸಿಗಳು ಕ್ಲಿನಿಕ್ಕು ಕೂಗಳತೆಯಲ್ಲಿದ್ದರೂ ಅದರ ಮೆಟ್ಟಿಲು ಯಾಕೆ ಹತ್ತುವುದಿಲ್ಲ ಎಂಬುದು ಪ್ರಶ್ನೆ. ಮೂವತ್ತೊಂದು ಮನೆಯ ಉತ್ತರ. ಅಷ್ಟನ್ನೂ ತಂದವನು ಕರ್ಟಿಸ್, ಯಾಕೆಂದರೆ ಬಾಗಿಲು ತೆರೆದದ್ದು ಅವನ ಮುಖಕ್ಕೆ; ಅವನ ಅಮ್ಮನ ಮುಖ ಅದು. ಹೆಸರಿಲ್ಲ, ಮನೆ ನಂಬರಿಲ್ಲ, ಯಾರೆಂದು ಯಾರಿಗೂ ತಿಳಿಯಬಾರದು, ಅದು ನಿಯಮ. ಆದರೆ ಒಂದೇ ಬಸ್ಸಿಗೆ ಕಾಯುವ, ಒಂದೇ ಶವಯಾತ್ರೆಯಲ್ಲಿ ನಡೆಯುವ ಜನಕ್ಕೆ ಹೆಸರು ಯಾತಕ್ಕೆ ಬೇಕು? ಕೆಮ್ಮಿದರೆ ಸಾಕು, ಯಾರ ಎದೆಯೆಂದು ಹೇಳುತ್ತಾರೆ. ಪುಟ ಹದಿನಾಲ್ಕರಲ್ಲಿ, ತಿಳಿ ಹಳದಿ ಚೌಕಟ್ಟಿನೊಳಗೆ, ಹೆಸರಿಲ್ಲದೆ ಅವನ ದೊಡ್ಡಮ್ಮ ನೋಲೀನ್ ಕೂತಿದ್ದಳು. ಮಗಳ ಮಗಳಾದ ಮಾರ್ಲಿಯ ಕಿವಿ ಎಂಟು ತಿಂಗಳು ಸೋರಿದರೂ ಡಾಕ್ಟರಿಗೆ ತೋರಿಸದೆ ಮುಚ್ಚಿಟ್ಟುಕೊಂಡಿದ್ದೆ ಎಂದು ಅಲ್ಲಿ ಹೇಳುತ್ತಿದ್ದಳು. ಆ ಮಾತು ಅಚ್ಚಾಗಿದೆಯೆಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅವಳು ಬಂದು, ಹಿರಿಯಳಾಗಿ, ಇದೇ ಪುಸ್ತಿಕೆಯ ಮೊದಲ ಪ್ರತಿಯನ್ನು ಎತ್ತಿ ಹಿಡಿಯಬೇಕಾಗಿತ್ತು.

ದೊಡ್ಡಮ್ಮ ಅದನ್ನು ಹೇಳಿದ್ದು ಒಂದು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ, ಬ್ರೆಡ್ಡಿನ ಹಿಟ್ಟು ನಾದುತ್ತ. ರೆಕಾರ್ಡ್ ಮಾಡಲು ಒಪ್ಪಿಗೆಯ ಕಾಗದಕ್ಕೆ ಹಿಟ್ಟಿನ ಕೈಯಲ್ಲೇ ಸಹಿ ಹಾಕಿದ್ದಳು, ಓದಿರಲಿಲ್ಲ. ನೀನು ತಂದ ಕಾಗದ ತಾನೇ ಎಂದಿದ್ದಳು. ಅಮ್ಮ ಸತ್ತಾಗ ಅವನಿಗೆ ಹತ್ತು ವರ್ಷ. ಅಲ್ಲಿಂದೀಚೆಗೆ ಅವನಿಗೆ ಅನ್ನ ಹಾಕಿದ ಕೈ ಅದು. ರೆಕಾರ್ಡರ್ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿತ್ತು. ಅರ್ಧ ಗಂಟೆ ಅವಳು ರೆಕಾರ್ಡರಿಗೆ ಮಾತಾಡಿದಳು, ರೈಲು ಡಬ್ಬಿ ತೊಳೆಯುತ್ತಿದ್ದ ದಿನಗಳು, ಕ್ಲಿನಿಕ್ಕಿನ ಹೊಸ ನರ್ಸು, ಬಸ್ಸು. ಆಮೇಲೆ ಯಾವ ಗಳಿಗೆಯಲ್ಲೋ ಅವಳು ಅದನ್ನು ಮರೆತು ಅವನಿಗೆ ಮಾತಾಡತೊಡಗಿದಳು. ಆ ಗಳಿಗೆ ಅವನಿಗೆ ಕಂಡಿತ್ತು. ದನಿ ಇಳಿಯಿತು, ಕೈ ನಿಂತಿತು. ರೆಕಾರ್ಡರ್ ನಿಲ್ಲಿಸಲೇ ಎಂದು ಕೇಳಬೇಕಾಗಿತ್ತು. ಮೂರು ದಿನದ ತರಬೇತಿಯಲ್ಲಿ ಅದನ್ನೇ ಮೂರು ಸಲ ಹೇಳಿಕೊಟ್ಟಿದ್ದರು. ಅವನು ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿದಾಗ ತನ್ನೊಳಗೆ ಯಾವುದೋ ಒಂದು ಸಣ್ಣ ಹೊಲಸು ಪ್ರಾಣಿ ತಲೆಯೆತ್ತಿ, ಇದು ಚೆನ್ನಾಗಿ ಬರುತ್ತಿದೆ, ವಿಶ್ವವಿದ್ಯಾನಿಲಯದಿಂದ ಈ ಸಂಶೋಧನೆ ನಡೆಸುವ ಫಿಲಿಪಾಗೆ ಇಷ್ಟವಾಗುತ್ತದೆ ಎಂದಿತ್ತು. ಆ ಪ್ರಾಣಿಯ ಮುಖವನ್ನು ಅವನು ಅವತ್ತು ಸರಿಯಾಗಿ ನೋಡಿರಲಿಲ್ಲ. ಈಗ ಕತ್ತಿನ ಚೀಟಿಯಲ್ಲಿ ಹಲ್ಲು ಕಿರಿಯುತ್ತಿತ್ತು.

ಭವನದ ಹಾಲ್‌ನಲ್ಲಿ ಫಿಲಿಪಾ ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದಳು. ಸಾಲಾಗಿ ಹಾಕಿದರೆ ಮೇಲು ಕೀಳಾಗುತ್ತದೆಂದು ಎಲ್ಲೋ ಓದಿದ್ದಳು. ಅವಳನ್ನು ದ್ವೇಷಿಸಲು ಸಾಧ್ಯವಾಗಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡ ಕರ್ಟಿಸ್. ಹಿಂದೆಲ್ಲ ಬರುತ್ತಿದ್ದರಲ್ಲ, ತಲೆಬುರುಡೆ ಅಳೆದವರು, ಶಾಲೆಯ ಬಯಲಲ್ಲಿ ಸಾಲಾಗಿ ನಿಲ್ಲಿಸಿ ರಕ್ತ ತೆಗೆದುಕೊಂಡು ಮತ್ತೆ ಮುಖ ತೋರಿಸದವರು, ಅಂಥವಳಲ್ಲ ಇವಳು. ಎರಡು ವರ್ಷದ ಕೆಳಗೆ ಮೊದಲ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತು, ನೀವು ಹೇಗೆ ಹೇಳುತ್ತೀರೋ ಹಾಗೆ ಎಂದಿದ್ದಳು. ದೊಡ್ಡಮ್ಮ ಹೇಳಿದ್ದಳು. ನಮ್ಮ ಬಾಯಿಂದ ಬಂದದ್ದು ಎಲ್ಲಿಗೆ ಹೋಗುವುದಕ್ಕೂ ಮುಂಚೆ ವಾಪಸು ಮನೆಗೆ ತನ್ನಿ, ಎದುರಿಗೆ ಕೂತು ಓದಿ ಹೇಳಿ, ಹ್ಞೂ ಅಂದರೆ ಹ್ಞೂ, ಬೇಡ ಅಂದರೆ ಅಲ್ಲೇ ಹರಿದು ಹಾಕಿ. ಕೂತಿದ್ದ ಮುದುಕರೆಲ್ಲ ಅದಕ್ಕೆ ತಲೆಯಾಡಿಸಿದ್ದರು. ಹಾಗೆ ಹುಟ್ಟಿದ್ದು ಪ್ರತಿ ಸಂದರ್ಶನದ ಕೊನೆಯ ಹಾಳೆಯಲ್ಲಿದ್ದ ಆ ಚೌಕ. ಅದರ ಮುಂದೆ 'ಓದಿ ಹೇಳಲಾಗಿದೆ, ಒಪ್ಪಿದ್ದಾರೆ' ಎಂಬ ಮೂರು ಮಾತು, ತಾರೀಕು, ಸಂಶೋಧಕನ ಸಹಿ. ಆ ಚೌಕ ವಿಶ್ವವಿದ್ಯಾನಿಲಯದ್ದಲ್ಲ, ದೊಡ್ಡಮ್ಮನದು. ಮೂವತ್ತು ಮನೆಗೆ ಕರ್ಟಿಸ್ ಹೋಗಿ, ಕೂತು, ಓದಿ, ಕೇಳಿ, ಅದರೊಳಗೆ ಗುರುತು ಹಾಕಿದ್ದ. ಮೂವತ್ತೊಂದನೆಯದು ಅವಳ ಮನೆ.

ಅವಳ ಮನೆಗೆ ಹೋಗುವ ವಾರದಲ್ಲೇ ಅವರ ದೂರದ ಊರು ವಾಲ್ಗೆಟ್‌ನಿಂದ ಫೋನು ಬಂತು, ಅವಳ ತಮ್ಮ ತೀರಿಕೊಂಡ. ಹೊಸದಾಗಿ ಸತ್ತವರ ಹೆಸರು ಹೇಳುವ ಹಾಗಿಲ್ಲ, ಅದು ಪದ್ಧತಿ. ಕರ್ಟಿಸ್ ಮನಸ್ಸಿನಲ್ಲೂ ಹೇಳುವುದಿಲ್ಲ. ಅವನಿಗೂ ಮಾವನೇ, ಈಜು ಕಲಿಸಿದವನು. ಕಾರಿನಲ್ಲಿ ಒಂಬತ್ತು ಗಂಟೆ ಹೋಗಿ, ಸಾವಿನ ಮನೆಯ ಜಗಲಿಯ ಮೇಲೆ ಎಲ್ಲರ ಜೊತೆ ಅವನೂ ಹಾಸಿಗೆ ಹಾಕಿಕೊಂಡ. ಚೀಲದ ಅಡಿಯಲ್ಲಿ ದೊಡ್ಡಮ್ಮನ ಮೂರು ಹಾಳೆಯಿತ್ತು. ಸೂತಕದ ಮನೆಯಲ್ಲಿ ಕೆಲಸದ ಕಾಗದ ತೆಗೆಯುವಂತಿಲ್ಲ, ಅದು ಯಾರೂ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ದೊಡ್ಡಮ್ಮ ಅಂಗಳದ ಬೆಂಕಿಯ ಹತ್ತಿರ ಕಂಬಳಿ ಹೊದ್ದು ಕೂತಿರುತ್ತಿದ್ದಳು, ಯಾರು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಅವಳ ಮುಂದೆ ಕೂತು, ದೊಡ್ಡಮ್ಮ, ಮಗುವಿನ ಕಿವಿಯ ಕೀವಿನ ಬಗ್ಗೆ ನೀನು ಹೀಗೆ ಹೇಳಿದ್ದೆ, ಸರಿಯೇ ಎಂದು ಓದುವುದೇ? ಹಾಳೆ ಹಾಗೇ ವಾಪಸು ಬಂತು. ಅವಳು ಮಾತ್ರ ವಾರಗಟ್ಟಲೆ ಅಲ್ಲೇ ಉಳಿದಳು. ಫಿಲಿಪಾ ಫೋನು ಮಾಡಿ, ಬೇಕಾದಷ್ಟು ದಿನ ತೆಗೆದುಕೊಳ್ಳಿ ಕರ್ಟಿಸ್ ಎಂದಳು, ಮನಸಾರೆ ಎಂದಳು. ಆಮೇಲೆ, ಅಚ್ಚಿನವರು ಶುಕ್ರವಾರದವರೆಗೆ ಕಾಯುತ್ತಾರಂತೆ ಎಂದಳು. ದೊಡ್ಡಮ್ಮನ ಪುಟ ಬಿಟ್ಟುಬಿಡಿ ಎಂದಿದ್ದರೆ ಬಿಡುತ್ತಿದ್ದಳು. ಹೇಳಬಹುದಾಗಿದ್ದ ಆ ಒಂದು ಮಾತನ್ನು ಯಾಕೆ ಹೇಳಲಿಲ್ಲ ಎಂದು ಕರ್ಟಿಸ್ ತನ್ನನ್ನು ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ, ಒಂದೊಂದು ಸಲಕ್ಕೂ ಹೆಚ್ಚು ನಾರುತ್ತಿತ್ತು. ಫಿಲಿಪಾ ಆ ಪುಟವನ್ನು ಬಹಳ ಮೆಚ್ಚಿದ್ದಳು. ಇಂಥದ್ದನ್ನು ಬೇರೆ ಯಾರೂ ತರಲಾರರು ಎಂದಿದ್ದಳು. ಪೆಟ್ರೋಲ್ ಬಂಕಿನ ಮುಂದೆ ಕಾರಿನಲ್ಲಿ ಕೂತು, ಒಂದು ಕೈಯಲ್ಲಿ ಮಾಂಸದ ಪೈ ತಿನ್ನುತ್ತ, ಇನ್ನೊಂದರಲ್ಲಿ ಚೌಕಕ್ಕೆ ಗುರುತು ಹಾಕಿದ್ದ. ತಾರೀಕು ಬೇಕಿತ್ತು. ತಲೆಗೆ ಬಂದ ಮೊದಲ ತಾರೀಕು ಬರೆದಿದ್ದ. ಪೈ ಪೂರ್ತಿ ತಿಂದಿದ್ದ, ಅದೂ ನೆನಪಿದೆ. ವಾಪಸು ಬಂದ ಮೇಲೆ ದೊಡ್ಡಮ್ಮ ಎರಡು ಸಲ ಕೇಳಿದ್ದಳು, ನನ್ನದು ಓದೋಕೆ ಯಾವಾಗ ಬರ್ತೀಯ ಅಂತ. ಬರ್ತೀನಿ ಬರ್ತೀನಿ ಎಂದಿದ್ದ.

ಫಿಲಿಪಾ ಅಡುಗೆಕೋಣೆಗೆ ಬಂದು, ಎಷ್ಟು ಚೆನ್ನಾಗಿ ಜೋಡಿಸಿದ್ದೀರಿ ಎಂದಳು, ಸ್ಯಾಂಡ್‌ವಿಚ್ಚಿಗೂ ಪ್ರಶಂಸೆ. ಅವಳ ಕೈಯಲ್ಲಿ ಭಾಷಣದ ಕಾಗದವಿತ್ತು. ಕೊನೆಯಲ್ಲಿ ಹದಿನಾಲ್ಕನೇ ಪುಟವನ್ನು ಗಟ್ಟಿಯಾಗಿ ಓದುವವಳಿದ್ದಳು. ಕೇಳಬೇಕಾದವರು ಕೇಳಲಿ ಅಂತ ಮಕ್ಕಳ ಇಲಾಖೆಯಿಂದಲೂ ಒಬ್ಬರನ್ನು ಕರೆಸಿದ್ದೇನೆ, ಜನ ತಮಗೆ ಎಷ್ಟು ಹೆದರುತ್ತಾರೆಂದು ಅವರ ಕಿವಿಗೇ ಬೀಳಬೇಕು ಎಂದಳು. ಅವಳ ಕಣ್ಣು ಪ್ರಾಮಾಣಿಕವಾಗಿ ಹೊಳೆಯುತ್ತಿತ್ತು. ಕರ್ಟಿಸ್‌ನ ಕೈಯಲ್ಲಿದ್ದ ಚಾಕು ಹಲಗೆಯ ಮೇಲೆ ನಿಂತಿತು. ಇಲಾಖೆ ಎಂದು ಅವಳು ಹೇಳುವುದನ್ನು ಇಲ್ಲಿಯವರು ಮೂರು ತಲೆಮಾರಿನಿಂದ ವೆಲ್ಫೇರ್ ಎನ್ನುತ್ತಾರೆ. ಬಿಳಿ ಕಾರು ಬೀದಿಗೆ ತಿರುಗಿದರೆ ಈಗಲೂ ಮಕ್ಕಳನ್ನು ಹಿತ್ತಲ ಬಾಗಿಲಿಗೆ ಕಳಿಸುತ್ತಾರೆ. ದೊಡ್ಡಮ್ಮನನ್ನು ಆರನೇ ವಯಸ್ಸಿಗೆ ಮನೆಯಿಂದ ಕಿತ್ತು ಒಯ್ದವರು ಅವರೇ. ಮಾರ್ಲಿಗೆ ಈಗ ಏಳು. ಅವಳ ಅಮ್ಮ ಮಾದಕ ವ್ಯಸನ ಬಿಡಿಸುವ ಕೇಂದ್ರದಲ್ಲಿದ್ದಾಳೆ, ಮಗು ಅಜ್ಜಿಯ ಹತ್ತಿರ ಬಾಯಿಮಾತಿನ ಮೇಲೆ ಬೆಳೆಯುತ್ತಿದೆ, ಕೋರ್ಟಿನ ಒಂದು ಚೂರು ಕಾಗದವಿಲ್ಲ. ಎಂಟು ತಿಂಗಳು ಕಿವಿ ಸೋರಿದ ಮಗು, ಕಾಗದವಿಲ್ಲದ ಅಜ್ಜಿ. ಒಯ್ಯುವುದಕ್ಕೆ ಇನ್ನೇನು ಬೇಕು ಅವರಿಗೆ?

ಫಿಲಿಪಾಗೆ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಮೃದುವಾದ ದನಿ ಕೇಳಿಸಿತು, ಹತ್ತಿಬಟ್ಟೆಯಷ್ಟು ಮೃದು. ಬೂದು ಬಣ್ಣದ ಕೋಟು ಹಾಕಿದ ಹೆಂಗಸು, ಕೈಯಲ್ಲಿ ಡೈರಿ, ಇಲಾಖೆಯವಳು. ಶೌಚಾಲಯ ಎಲ್ಲಿ ಎಂದು ಕರ್ಟಿಸ್‌ನನ್ನು ಕೇಳಿದಳು, ಕೇಳಿ, ನಿಮ್ಮ ಜನ ನಿಮ್ಮನ್ನು ನೋಡಿ ಎಷ್ಟು ಹೆಮ್ಮೆ ಪಡುತ್ತಾರೋ ಎಂದಳು. ಅವನು ಶೌಚಾಲಯ ತೋರಿಸಿದ. ಬಾಗಿಲು ಕೂಡ ಹಿಡಿದುಕೊಂಡ. ಹಿಡಿದುಕೊಂಡ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಕೇಳಿದವರಿಗೆಲ್ಲ ಬಾಗಿಲು ಹಿಡಿದುಕೊಳ್ಳುವುದೇ ತನ್ನ ಸಂಶೋಧನೆ ಎಂದು ಅವನಿಗೆ ಹೊಳೆಯಿತು. ತಿರುಗಿದಾಗ ಫಿಲಿಪಾ ಬಂದವರನ್ನು ಎದುರುಗೊಳ್ಳಲು ಹೋಗಿಯಾಗಿತ್ತು.

ಹೊರಗೆ ದೊಡ್ಡಮ್ಮ ಬಸ್ಸಿಳಿದು ಕೋಲೂರಿಕೊಂಡು ಬರುತ್ತಿದ್ದಳು, ಅವನು ಎದುರಿಗೆ ಹೋದ. ನೀಲಿ ಹೂವಿನ ಅಂಗಿ, ತುಟಿಗೆ ಬಣ್ಣ, ತಮ್ಮನ ಸಾವಿನ ನಂತರ ಮೊದಲ ಸಲ. ಅವನನ್ನು ನೋಡಿ, ಏನೋ ಇದು ಮುಖ, ಒದ್ದೆ ನಾಯಿ ಥರ, ಪ್ರೊಫೆಸರುಗಳು ಸ್ನಾನ ಮಾಡಲ್ವಾ ಎಂದಳು. ಅವನು ಅವಳ ತೋಳು ಹಿಡಿದು ಬಾಗಿಲಿಗೆ ಹೋಗದೆ ಕಾರು ನಿಲ್ಲಿಸಿದ್ದ ಕಡೆ ನಡೆಸಿಕೊಂಡು ಹೋದ. ಭಾಷಣ ಆದ ಮೇಲೆ ಏನಿದ್ದರೂ ಹೇಳು, ಕಾಲು ನೋಯ್ತಿದೆ ಎಂದು ಗೊಣಗಿದಳು. ಕಾರಿನಲ್ಲಿ ಕೂರಿಸಿದ. ಪಕ್ಕದಲ್ಲಿ ಕೂತು ಪುಸ್ತಿಕೆ ತೆಗೆದ. ಅವಳ ಕಣ್ಣು ಸಕ್ಕರೆ ಕಾಯಿಲೆಯಲ್ಲಿ ಮಂಜಾಗಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವನು ಮುಖಪುಟ ತೋರಿಸುತ್ತಾನೆಂದು ತಿಳಿದು, ಚೆನ್ನಾಗಿದೆ ಚೆನ್ನಾಗಿದೆ ಎಂದಳು.

"ಓದ್ತೀನಿ ದೊಡ್ಡಮ್ಮ," ಎಂದ. "ನಿಂದು."

ಓದಿದ. ಕೂತದ್ದು ಕಾರಿನಲ್ಲಾದರೂ ದನಿ ಎಲ್ಲಿಂದಲೋ ಬರುತ್ತಿತ್ತು, ರೈಲ್ವೆ ನಿಲ್ದಾಣದ ಪ್ರಕಟಣೆಯ ಹಾಗೆ.

"ಮಗೂ ಕಿವಿ ಎಂಟು ತಿಂಗ್ಳು ಸೋರ್ತು. ನಾನು ಕರ್ಕೊಂಡು ಹೋಗ್ಲಿಲ್ಲ. ಹೋದ್ರೆ ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತಾರೆ, ಬರ್ಕೋತಾರೆ. ಬರ್ಕೊಂಡ್ರೆ ಬಾಗ್ಲಿಗೆ ಬರ್ತಾರೆ. ನನ್ನನ್ನ ಒಯ್ದದ್ದೂ ಹಾಗೇನೆ. ದೇವ್ರು ನೋಡ್ಕೋತಾನೆ ಅನ್ನೋಣ ಅಂದ್ರೆ ದೇವ್ರಿಗೂ ಬೇರೆ ಕೆಲ್ಸ ಇದೆ. ಹತ್ತಿ ಇಟ್ಟೆ. ಟಿವಿ ಸೌಂಡು ಜಾಸ್ತಿ ಮಾಡ್ದೆ. ಮಗೂಗೆ ಕೇಳಿಸ್ತಿಲ್ಲ ಅನ್ನೋದು ನಂಗೇ ಗೊತ್ತಾಗ್ದೆ ಇರ್ಲಿ ಅಂತ."

ಕೆಳಗೆ 'ಅಜ್ಜಿ, ಅರವತ್ತೊಂದು ವರ್ಷ' ಎಂದಿತ್ತು. ಅದನ್ನೂ ಓದಿದ. ದೊಡ್ಡಮ್ಮ ಗಾಜಿನಾಚೆ ನೋಡುತ್ತಿದ್ದಳು. ಜನ ಒಳಗೆ ಹೋಗುತ್ತಿದ್ದರು, ಯಾರೋ ಕ್ಲ್ಯಾರಿ ಮಾಮನ ಗಾಲಿಕುರ್ಚಿಯನ್ನು ಇಳಿಜಾರಿನ ಮೇಲೆ ಹಿಂದುಮುಂದಾಗಿ ಎಳೆಯುತ್ತಿದ್ದರು, ಅವನು ಅವರಿಗೆ ಬೈಯುತ್ತಿದ್ದ. ಅವಳ ತುಟಿಯ ಬಣ್ಣ ಒಂದು ಮೂಲೆಯಲ್ಲಿ ಗೆರೆ ದಾಟಿತ್ತು. ಕನ್ನಡಿ ಕಾಣದೆ ಹಚ್ಚಿಕೊಂಡದ್ದು. ಕರ್ಟಿಸ್‌ಗೆ ಅದನ್ನು ನೋಡಲಾಗಲಿಲ್ಲ. ಅವಳು ಕೂಗಾಡಲಿ, ಕೆನ್ನೆಗೆ ಬಾರಿಸಲಿ ಎಂದು ಕಾದ. ಅದರಿಂದ ತನಗೆ ಹಗುರಾಗುತ್ತದೆಂದು ಕಾಯುತ್ತಿದ್ದೇನೆಂದೂ ತಿಳಿಯಿತು, ಹೇಸಿಗೆಯ ಮೇಲೆ ಇನ್ನೊಂದು ಪದರ ಕೂತಿತು.

"ನಂಗೆ ಓದಿ ಹೇಳಿದೀನಿ ಅಂತ ಬರ್ಕೊಟ್ಟಿದೀಯಾ?"

"ಹ್ಞೂ."

"ಯಾವತ್ತು ಅಂತ?"

"ಆಗಸ್ಟ್ ಹತ್ತೊಂಬತ್ತು."

"ಅವತ್ತು ಅವನನ್ನ ಮಣ್ಣು ಮಾಡಿದ್ವಲ್ಲೋ," ಎಂದಳು.

ಕರ್ಟಿಸ್‌ಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಲೆಗೆ ಬಂದ ಮೊದಲ ತಾರೀಕು. ಕೆಂಪು ಮಣ್ಣು, ನೊಣ, ಹಗ್ಗ ಹಿಡಿದಿದ್ದ ತನ್ನ ಕೈ, ಪಕ್ಕದಲ್ಲಿ ಅವಳು. ಸಹಿಯ ಪಕ್ಕದಲ್ಲಿ ಅದನ್ನೇ ಬರೆದಿದ್ದ, ತನ್ನದೇ ಮಾವನ ಮಣ್ಣಿನ ದಿನವನ್ನು.

"ಬೇಡ ಅಂತಿದ್ದೆ ಕಣೋ. ನೀನು ಓದಿದ್ದಿದ್ರೆ ಬೇಡ ಅಂತಿದ್ದೆ, ಆಮೇಲೆ ಇಬ್ರೂ ಟೀ ಕುಡೀತಿದ್ವಿ. ಅಷ್ಟೇ ಇದ್ದದ್ದು." ಅವಳು ಕಾರಿನ ಬಾಗಿಲು ತೆರೆಯಲು ಹಿಡಿಗಾಗಿ ತಡಕಾಡಿದಳು. "ಒಳಗೆ ಯಾರ್ಯಾರಿದಾರೆ?"

ಅವನು ಹೆಸರುಗಳನ್ನು ಹೇಳುತ್ತ ಹೋದ, ಇಲಾಖೆಯವಳೂ ಬಂದಿದ್ದಾಳೆಂಬುದನ್ನು ಕೊನೆಗೆ ಹೇಳಿದ. ಹಿಡಿಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಅವನು ಫಿಲಿಪಾಳನ್ನು ತಡೆಯಲು ಓಡಿದ.

ತಡವಾಗಿತ್ತು. ಹನ್ನೊಂದಾಯಿತೆಂದು ಫಿಲಿಪಾ ತಾನೇ ಪೆಟ್ಟಿಗೆ ಎಳೆದುಕೊಂಡು ಬಂದು ಹಂಚಿಬಿಟ್ಟಿದ್ದಳು. ದುಂಡಗೆ ಕೂತವರ ಕೈಕೈಯಲ್ಲೂ ಚುಕ್ಕಿಯ ಮುಖಪುಟ. ಎಲ್ಲರೂ ತಮ್ಮ ತಮ್ಮ ಪುಟ ಹುಡುಕುತ್ತಿದ್ದರು, ಸಿಕ್ಕವರು ಪಕ್ಕದವರಿಗೆ ತೋರಿಸದೆ ಬೆರಳಿಟ್ಟುಕೊಂಡು ಓದುತ್ತಿದ್ದರು. ಅಚ್ಚಾದ ತಮ್ಮ ಮಾತನ್ನು ನೋಡಿದವರ ಮುಖದಲ್ಲಿ ಒಂದು ನಾಚಿಕೆ ಬರುತ್ತದಲ್ಲ, ಮದುವೆ ಫೋಟೋದಲ್ಲಿ ತಮ್ಮನ್ನು ಹುಡುಕಿಕೊಂಡವರ ಹಾಗೆ, ಅದು ಇಡೀ ಹಾಲ್‌ನಲ್ಲಿ ಹರಡಿತ್ತು. ಕರ್ಟಿಸ್ ಫಿಲಿಪಾ ಕಡೆ ಹೆಜ್ಜೆಯಿಡುವಷ್ಟರಲ್ಲಿ ಕ್ಲ್ಯಾರಿ ಮಾಮ ಕನ್ನಡಕ ಏರಿಸಿ, ಗಾಲಿಕುರ್ಚಿಯಲ್ಲಿ ಹಿಂದಕ್ಕೊರಗಿ, ದೇವರಿಗೂ ಬೇರೆ ಕೆಲಸ ಇದೆ ಎಂದು ಗಟ್ಟಿಯಾಗಿ ಓದಿ, ಹೊಟ್ಟೆ ಕುಲುಕಿಸಿ ನಕ್ಕ. ಹೆಸರು ಬರೆದಿಲ್ಲವಂತೆ, ಇದಕ್ಕೆ ಹೆಸರು ಬೇರೆ ಬೇಕೇನ್ರೋ, ನಮ್ಮ ನೋಲೀನ್ ಬಾಯಿ ಬಿಟ್ಟರೆ ಇದೇ ತಾನೇ ಮೊದಲು ಉದುರೋದು ಎಂದ. ಸುತ್ತ ನಗು ಎದ್ದಿತು. ಆಮೇಲೆ ಒಬ್ಬೊಬ್ಬರಾಗಿ ಆ ಸಾಲಿನ ಮೇಲಿನ ಸಾಲುಗಳನ್ನೂ ಓದಿದರು. ನಗು ಒಂದು ಕಡೆಯಿಂದ ಆರುತ್ತ ಬಂತು. ಕ್ಲ್ಯಾರಿ ಮಾಮ ಕೊನೆಗೆ ಓದಿದ. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಬೂದು ಕೋಟಿನ ಹೆಂಗಸೂ ಓದಿದ್ದಳು. ಅವಳು ದನಿ ಎತ್ತಲಿಲ್ಲ. ಇದು ಬಹಳ ಧೈರ್ಯದ ಮಾತು ಎಂದಳು. ಆದರೆ ಒಂದು ಮಗುವಿನ ವಿಷಯ ಕಿವಿಗೆ ಬಿದ್ದ ಮೇಲೆ ಸುಮ್ಮನಿರಲು ಕಾನೂನು ತನಗೆ ಬಿಡುವುದಿಲ್ಲ, ಆ ಮಗು ಈಗ ಎಲ್ಲಿದೆ, ಯಾರ ಹತ್ತಿರ ಇದೆ ಎಂದು ಕೇಳಿದಳು. ಫಿಲಿಪಾಳ ಕುತ್ತಿಗೆ ಕೆಂಪೇರಿತು. ಯಾರ ಮಾತೆಂದು ಹೇಳುವಂತಿಲ್ಲ, ಅದು ನಿಯಮ ಎಂದಳು. ಹೆಂಗಸು ವಿನಯದಿಂದ ಸುತ್ತ ನೋಡಿ, ಇಲ್ಲಿ ಎಲ್ಲರಿಗೂ ಗೊತ್ತಿದ್ದಂತಿದೆಯಲ್ಲ ಎಂದಳು. ಡೈರಿ ತೆರೆದಳು. ನೋಲೀನ್ ಎಂಬವರು ಇಲ್ಲಿ ಯಾರು ಎಂದಳು. ಯಾರೂ ಬಾಗಿಲ ಕಡೆ ನೋಡಲಿಲ್ಲ, ನೋಡದೇ ಇರುವುದಕ್ಕೆ ಅವರು ಪಡುತ್ತಿದ್ದ ಶ್ರಮದಲ್ಲೇ ಬಾಗಿಲಲ್ಲಿ ಅವಳು ನಿಂತಿರುವುದು ಕರ್ಟಿಸ್‌ಗೆ ಗೊತ್ತಾಯಿತು. ದೊಡ್ಡಮ್ಮನ ಉಸಿರು ಅವನ ಬೆನ್ನ ಹಿಂದೆ ಸಣ್ಣಗೆ ಸೀಟಿ ಹಾಕುತ್ತಿತ್ತು. ಡೈರಿಯ ಹಾಳೆ ಬಿಳಿಯದಾಗಿತ್ತು, ಗೆರೆಗಳಿದ್ದವು, ಪೆನ್ನಿನ ತುದಿ ಗೆರೆಯ ಮೇಲೆ ಇಳಿಯುತ್ತಿತ್ತು.

"ಅದು ಯಾರ ಮಾತೂ ಅಲ್ಲ," ಎಂದ ಕರ್ಟಿಸ್. "ನಾನೇ ಕಟ್ಟಿದ್ದು."

ಫಿಲಿಪಾ ಅವನ ಕಡೆ ತಿರುಗಿ, ಏನಂದಿರಿ ಎಂದಳು. ಅವನು ಇನ್ನೊಂದು ಸಲ ಹೇಳಿದ. ಮನೆಮನೆ ಸುತ್ತುವುದಕ್ಕೆ ಬೇಜಾರಾಗಿತ್ತು, ಕೂತು ಬರೆದೆ. ಆ ದೇವರ ಮಾತೊಂದು ದೊಡ್ಡಮ್ಮನ ಬಾಯಿಂದ ಕದ್ದದ್ದು, ನಿಜ ಅನ್ನಿಸಲಿ ಅಂತ. ಮಗುವೂ ಇಲ್ಲ, ಕಿವಿಯೂ ಇಲ್ಲ. ಹೇಳುತ್ತ ಹೋದ ಹಾಗೆ ಅದು ಎಷ್ಟು ಸಲೀಸಾಗಿ ಬರುತ್ತಿದೆಯೆಂದು ಅವನಿಗೇ ದಿಗಿಲಾಯಿತು. ಇಂಥವನೇ ಅಲ್ಲವೇ ಎಂದು ಯಾರೋ ಮೊದಲೇ ನಂಬಿ ಕೂತಿದ್ದ ಕಥೆಯೊಂದಕ್ಕೆ ಮೈ ಕೊಟ್ಟ ಹಾಗೆ. ಹೆಂಗಸು ಪೆನ್ನು ಹಾಗೇ ಹಿಡಿದು ಅವನನ್ನು ದಿಟ್ಟಿಸಿದಳು. ನಂಬಿಕೆ ಅರ್ಧಕ್ಕೆ ನಿಂತಿತ್ತು. ಆಗ ಬಾಗಿಲಿಂದ ಕೋಲೂರುತ್ತ ದೊಡ್ಡಮ್ಮ ಬಂದಳು, ದುಂಡಗಿನ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಅವನನ್ನು ದಾಟಿ, ನೇರ ಆ ಹೆಂಗಸಿನ ಮುಂದೆ ನಿಂತಳು.

"ನಾನೇ ಮೇಡಂ ನೋಲೀನ್. ಇವ್ನು ಚಿಕ್ಕಂದಿಂದ್ಲೂ ಹೀಗೇನೆ. ನಾಲ್ಗೆಗೆ ಮೂಳೆ ಇಲ್ಲ. ಅಮ್ಮ ಸತ್ತಾಗ ಕೂಡ ಶಾಲೇಲಿ ಅಮ್ಮ ಕ್ವೀನ್ಸ್‌ಲ್ಯಾಂಡ್‌ಗೆ ಹೋಗಿದಾಳೆ ಅಂತಿದ್ದ. ನಮ್ಮನೆ ಮಗು ಗಟ್ಟಿಮುಟ್ಟಾಗಿದೆ."

ಅದು ನಿಜವಾಗಿತ್ತು, ಕ್ವೀನ್ಸ್‌ಲ್ಯಾಂಡಿನ ಮಾತು. ಅದನ್ನು ಅವಳು ಹದಿನಾಲ್ಕು ವರ್ಷ ಯಾರ ಮುಂದೆಯೂ ಎತ್ತಿರಲಿಲ್ಲ. ಈಗ ಎತ್ತಿ ಎಲ್ಲರ ಮುಂದೆ ಇಟ್ಟಳು, ಅವನ ಮುಖ ನೋಡಲಿಲ್ಲ. ಹಿಂದೆಯೇ ಇನ್ನೊಬ್ಬಳು, ಹೌದು, ನಮ್ಮ ಮನೆಗೆ ಬಂದು ಸಂಶೋಧನೆ ಅಂತ ಎರಡು ತಟ್ಟೆ ಸಾರು ಕುಡಿದು ಹೋದ, ಒಂದು ಪ್ರಶ್ನೆ ಕೇಳಲಿಲ್ಲ ಎಂದಳು. ಒಂಬತ್ತನೇ ತರಗತಿ ಫೇಲಾದವನ ಹಲ್ಲು ಕಿರಿದ ಮುಖ ನೋಡಿ ಯೂನಿವರ್ಸಿಟಿಯವರು ಮೋಸ ಹೋದರು ಎಂದ ಯಾರೋ ಮುದುಕ. ನಗು ಮತ್ತೆ ಎದ್ದಿತು, ಈ ಸಲ ಬೇರೆ ಥರ, ಗಟ್ಟಿಯಾಗಿ, ಒಬ್ಬರ ಹೆಗಲಿಗೆ ಇನ್ನೊಬ್ಬರು ಹೆಗಲು ಕೊಟ್ಟ ಹಾಗೆ. ಅವರೆಲ್ಲ ಯಾಕೆ ನಗುತ್ತಿದ್ದಾರೆಂದು ಕರ್ಟಿಸ್‌ಗೆ ಗೊತ್ತಿತ್ತು. ಆದರೆ ಒಂದೊಂದು ಮುಖ ನೋಡಿದಾಗಲೂ, ಇದು ಬರೀ ನಾಟಕವೇ, ಎಂದಿನಿಂದಲೋ ನುಂಗಿಕೊಂಡದ್ದು ಈಗ ನೆಪ ಸಿಕ್ಕಿ ಹೊರಬರುತ್ತಿದೆಯೇ ಎಂದು ಹೇಳಲಾಗುತ್ತಿರಲಿಲ್ಲ. ಕಿವಿ ಸುಡುತ್ತಿತ್ತು. ತಪ್ಪು ಮಾಡಿದವನನ್ನು ಬಯಲಲ್ಲಿ ನಿಲ್ಲಿಸಿ, ಎಲ್ಲರೂ ಎದುರಿಗೆ ನಿಂತು ಈಟಿ ಎಸೆಯುತ್ತಿದ್ದರಂತೆ ಹಿಂದಿನ ಕಾಲದಲ್ಲಿ; ತಪ್ಪಿಸಿಕೊಳ್ಳದೆ ನಿಲ್ಲಬೇಕಂತೆ, ಗಾಯವಾದರೆ ಲೆಕ್ಕ ತೀರಿತಂತೆ. ಅವನು ನಿಂತ. ತೀರಿತೆನಿಸಲಿಲ್ಲ.

ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿದಳು. ಫಿಲಿಪಾ ಮಾತ್ರ ನಗಲಿಲ್ಲ. ಅವಳು ಅವನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಕರ್ಟಿಸ್, ಧ್ವನಿಮುದ್ರಣ ಇದೆಯಲ್ಲ ಎಂದಳು. ಅಚ್ಚಾದ ಮೇಲೆ ಅಳಿಸಬೇಕೆಂದು ನಿಯಮ ಇತ್ತಲ್ಲ, ಅಳಿಸಿದೆ ಎಂದ. ಅದೊಂದು ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಅವಳ ಕಣ್ಣಿನ ಸುತ್ತ ಎರಡು ವರ್ಷ ಒಟ್ಟಿಗೆ ಕುಸಿದವು. ಅವಳು ಮೋಸಗಾರಳಾಗಿದ್ದರೆ ಆ ಒಂದು ಪುಟ ಹರಿದು ಮುಂದೆ ಹೋಗುತ್ತಿದ್ದಳು. ನಿಯತ್ತಿನವಳಾದ್ದರಿಂದ, ಕೇಳಬೇಕಾದದ್ದನ್ನೇ ಕೇಳಿದಳು, ಎಲ್ಲರಿಗೂ ಕೇಳಿಸುವ ಹಾಗೆ.

"ಉಳಿದ ಮೂವತ್ತು?"

ಹೆಂಗಸು ಚೀಲಕ್ಕೆ ಹಾಕುತ್ತಿದ್ದ ಡೈರಿಯನ್ನು ಅರ್ಧದಲ್ಲಿ ನಿಲ್ಲಿಸಿದಳು. ಮೂವತ್ತು ನಿಜ, ಒಂದು ಮಾತ್ರ ಸುಳ್ಳು ಎಂದರೆ ಆ ಒಂದೇ ಯಾಕೆ ಎಂಬ ಪ್ರಶ್ನೆ ಅವಳ ಹುಬ್ಬಿನ ನಡುವೆ ಆಗಲೇ ಗೆರೆಯಾಗಿ ನಿಂತಿತ್ತು. ಕರ್ಟಿಸ್ ಸುತ್ತ ನೋಡಿದ. ಬೆರಳುಗಳು ಇನ್ನೂ ತಮ್ಮ ತಮ್ಮ ಪುಟಗಳ ನಡುವೆಯೇ ಇದ್ದವು. ಮಗನ ಮೂತ್ರಪಿಂಡದ ಬಗ್ಗೆ ಹೇಳಿದ್ದವಳು, ನರ್ಸು ಮೂಗು ಮುಚ್ಚಿಕೊಂಡದ್ದನ್ನು ಹೇಳಿದ್ದವನು, ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದರು ಎಂದು ಎರಡೆರಡು ದಿನ ಕೂತು ಹೇಳಿದವರು. ಎಲ್ಲವನ್ನೂ ಓದಿ ಹೇಳಿದ್ದ, ಅವರು ಹ್ಞೂ ಎಂದಿದ್ದರು. ದೊಡ್ಡಮ್ಮ ಆ ಹೆಂಗಸಿನ ಪಕ್ಕದಲ್ಲೇ ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಮೊದಲ ಸಲ ಅವನ ಕಡೆ ನೋಡಿದಳು. ಮಂಜುಗಣ್ಣಿಗೆ ಅಷ್ಟು ದೂರದಿಂದ ಅವನ ಮುಖ ಕಂಡಿರಲಾರದು.

"ಎಲ್ಲಾನೂ," ಎಂದ. "ಎಲ್ಲಾನೂ ನಾನೇ ಬರೆದದ್ದು."

ಕ್ಲ್ಯಾರಿ ಮಾಮನ ಮಡಿಲಲ್ಲಿ ಪುಸ್ತಿಕೆ ಇಪ್ಪತ್ತನೇ ಪುಟಕ್ಕೆ ತೆರೆದಿತ್ತು. ಪಾದದ ಹುಣ್ಣನ್ನು ಹೆಂಡತಿಗೆ ಕೂಡ ತೋರಿಸದೆ ಕಾಲುಚೀಲದಲ್ಲಿ ಐದು ತಿಂಗಳು ಬಚ್ಚಿಟ್ಟುಕೊಂಡದ್ದನ್ನು, ಕತ್ತರಿಸುವ ಹಿಂದಿನ ಸಂಜೆ ಆಸ್ಪತ್ರೆಯ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಪಾದವನ್ನು ತೊಳೆದು ತೊಳೆದು ಅತ್ತದ್ದನ್ನು ಅವನು ಹೇಳಿದ್ದು ಅಲ್ಲಿತ್ತು. ಓದಿ ಹೇಳಿದಾಗ, ಒಂದಕ್ಷರ ಬಿಡಬೇಡ, ಹಾಕು ಎಂದಿದ್ದ. ಫಿಲಿಪಾ ಈಗ ಅವನ ಕಡೆ ತಿರುಗಿ, ಹೌದೇ ಎಂದು ಕಣ್ಣಲ್ಲೇ ಬೇಡುವ ಹಾಗೆ ನೋಡಿದಳು. ಕ್ಲ್ಯಾರಿ ಮಾಮ ಪುಸ್ತಿಕೆಯನ್ನು ಮುಚ್ಚಿದ. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಸುಳ್ಳೇ ಇರ್ಬೇಕು, ಮೇಡಂ," ಎಂದ. "ನಾನು ಹುಟ್ಟಿದಾಗಿಂದ ಅತ್ತೋನೇ ಅಲ್ಲ."

ಪಕ್ಕದವಳು ತನ್ನ ಪುಟದಿಂದ ಬೆರಳು ತೆಗೆದಳು. ಅವಳ ಪಕ್ಕದವನು ತೆಗೆದ.